ಅಂಕವಿದ್ದರೂ ಕಾರ್ಡ್ ಇಲ್ಲ: ಬ್ಯಾಂಕುಗಳು ಹೇಳದ ಕಾರಣ

ಸಾಲದ ಕಂತನ್ನು ಒಂದು ತಿಂಗಳೂ ತಪ್ಪಿಸದವನಿಗೆ ಬ್ಯಾಂಕು ಬಾಗಿಲು ಮುಚ್ಚುತ್ತದೆ ಎಂದರೆ ಮೇಲ್ನೋಟಕ್ಕೆ ನಂಬುವುದು ಕಷ್ಟ. ಆದರೆ ನಗರಗಳ ಮಧ್ಯಮ ವರ್ಗಕ್ಕೆ ಈ ಅನುಭವ ಅಪರೂಪದ್ದೇನೂ ಅಲ್ಲ. ಸಿಬಿಲ್ ಅಂಕ 780ರ ಆಸುಪಾಸಿನಲ್ಲಿದೆ, ಸಂಬಳ ಪ್ರತಿ ತಿಂಗಳೂ ಖಾತೆಗೆ ಜಮೆಯಾಗುತ್ತಿದೆ, ಮರುಪಾವತಿಯಲ್ಲಿ ಲೋಪವಿಲ್ಲ. ಒಂದು ಕ್ರೆಡಿಟ್ ಕಾರ್ಡಿನಲ್ಲಿ ಬೆಳೆದು ನಿಂತ ಬಾಕಿಯನ್ನು ಕಡಿಮೆ ಬಡ್ಡಿಯ ಇನ್ನೊಂದು ಕಾರ್ಡಿಗೆ ವರ್ಗಾಯಿಸಿಕೊಳ್ಳೋಣವೆಂದು ಅರ್ಜಿ ಹಾಕಿದರೆ, ಸ್ವಲ್ಪ ಹೊತ್ತಿನಲ್ಲೇ ಮೊಬೈಲಿಗೆ ಒಂದು ಸಂದೇಶ ಬರುತ್ತದೆ: ಆಂತರಿಕ ನೀತಿಯ ಅನುಸಾರ ತಮ್ಮ ಅರ್ಜಿಯನ್ನು ಪರಿಗಣಿಸಲು ಸಾಧ್ಯವಾಗುತ್ತಿಲ್ಲ. ಅಷ್ಟೇ. ಯಾವ ನೀತಿ, ಅದರ ಯಾವ ಅಂಶ, ಅರ್ಜಿದಾರನಲ್ಲಿ ಏನು ಕೊರತೆ ಎಂಬುದಕ್ಕೆ ಉತ್ತರವಿಲ್ಲ. ವಿಪರ್ಯಾಸವೆಂದರೆ, ‘ನಿಮ್ಮ ಹೆಸರಿಗೆ ಕಾರ್ಡ್ ಈಗಾಗಲೇ ಮಂಜೂರಾಗಿದೆ’ ಎಂಬ ಮಾರಾಟದ ಕರೆ ಅದೇ ಬ್ಯಾಂಕಿನ ಪರವಾಗಿ ಮರುವಾರವೂ ಬರಬಹುದು.

ನಮ್ಮಲ್ಲಿ ಸಾಲದ ಅಂಕದ ಕುರಿತ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಕಡಿಮೆ ಅಂಕದವರ ಸುತ್ತಲೇ ನಡೆದಿದೆ. ಅಂಕ ಕಡಿಮೆ ಎಂಬ ಕಾರಣಕ್ಕೆ ವಿದ್ಯಾರ್ಥಿಯ ಶಿಕ್ಷಣ ಸಾಲದ ಅರ್ಜಿಯನ್ನು ತಳ್ಳಿಹಾಕಬಾರದು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತು. ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಹಿಂದಿನ ಸಾಲದ ಚರಿತ್ರೆಯಿಲ್ಲ ಎಂಬುದಕ್ಕಾಗಿ ಮಾತ್ರ ತಿರಸ್ಕರಿಸಬಾರದು ಎಂಬ ರಿಸರ್ವ್ ಬ್ಯಾಂಕಿನ ನಿಲುವನ್ನು ಕೇಂದ್ರ ಹಣಕಾಸು ಖಾತೆ 2025ರ ಆಗಸ್ಟ್‌ನಲ್ಲಿ ಲೋಕಸಭೆಯ ಮುಂದಿಟ್ಟಿತು. ಎರಡೂ ಸ್ವಾಗತಾರ್ಹ. ಆದರೆ ಅಂಕ ಉತ್ತಮವಾಗಿದ್ದೂ ನಿರಾಕರಣೆಗೆ ಗುರಿಯಾದವನ ಪ್ರಶ್ನೆ ಬೇರೆಯದು. ಅವನಿಗೆ ತಿದ್ದಿಕೊಳ್ಳಬೇಕಾದ ತಪ್ಪೇ ಕಾಣಿಸುವುದಿಲ್ಲ. ಯಾರಿಗೆ ಸಾಲ ಕೊಡಬೇಕು, ಯಾರಿಗೆ ಕೊಡಬಾರದು ಎಂದು ತೀರ್ಮಾನಿಸುವ ಹಕ್ಕು ಬ್ಯಾಂಕಿಗೆ ಇರಲೇಬೇಕು. ಠೇವಣಿದಾರರ ಹಣ ಅದು. ಇಲ್ಲಿ ಆಕ್ಷೇಪಾರ್ಹವಾದದ್ದು ನಿರಾಕರಣೆಯಲ್ಲ, ಅದರ ಜೊತೆಗಿನ ಮೌನ. ಈ ಮೌನಕ್ಕೆ ನಿಯಮದ ಆಸರೆಯೂ ಇಲ್ಲ ಎಂಬುದು ಬಹಳಷ್ಟು ಗ್ರಾಹಕರಿಗೆ ತಿಳಿದಿಲ್ಲ.

ಮೊದಲು ಈ ವರ್ಗಾವಣೆಯಿಂದ ಗ್ರಾಹಕನಿಗೆ ದಕ್ಕುವುದೇನು ಎಂಬುದನ್ನು ನೋಡಬೇಕು. ಭಾರತದಲ್ಲಿ ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ ಸಾಮಾನ್ಯ. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಶೇ. 42. ಇದರ ಮೇಲೆ ಶೇ. 18ರಷ್ಟು ಜಿಎಸ್‌ಟಿ ಬೇರೆ. ಗೃಹ ಸಾಲದ ಬಡ್ಡಿಗೆ, ವಾಹನ ಸಾಲದ ಬಡ್ಡಿಗೆ ಇಲ್ಲದ ಈ ತೆರಿಗೆ ಕಾರ್ಡಿನ ಬಡ್ಡಿಗೆ ಮಾತ್ರ ಇದೆ. ಒಂದೂವರೆ ಲಕ್ಷ ರೂಪಾಯಿ ಬಾಕಿ ಉಳಿಸಿಕೊಂಡ ನೌಕರನೊಬ್ಬನನ್ನು ಊಹಿಸಿಕೊಳ್ಳಿ. ತಿಂಗಳ ಬಡ್ಡಿ 5,250 ರೂಪಾಯಿ, ತೆರಿಗೆ 945 ರೂಪಾಯಿ, ಒಟ್ಟು 6,195 ರೂಪಾಯಿ. ಬಾಕಿಯ ಶೇ. 5ರಷ್ಟು, ಅಂದರೆ 7,500 ರೂಪಾಯಿಯನ್ನು ಅವನು ಕಟ್ಟಿದನೆಂದರೆ ಅಸಲಿಗೆ ಸಂದಾಯವಾಗುವುದು ಕೇವಲ 1,305 ರೂಪಾಯಿ. ಈ ವೇಗದಲ್ಲಿ ಸಾಲ ತೀರಬೇಕಾದರೆ ವರ್ಷಗಳೇ ಬೇಕು. ಹಳೆಯ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿಯೂ ಸಾಮಾನ್ಯವಾಗಿ ದೊರೆಯದು. ಪೇಟೆಯಿಂದ ತಂದ ದಿನಸಿಗೂ ಅಂದಿನಿಂದಲೇ ಬಡ್ಡಿ ಓಡುತ್ತದೆ.

ಇದೇ ಬಾಕಿ ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಆರು ತಿಂಗಳ ಮಟ್ಟಿಗೆ ಶೇ. 1.5ರ ಮಾಸಿಕ ಬಡ್ಡಿಯಲ್ಲಿ, ಶೇ. 2ರ ಒಂದು ಬಾರಿಯ ಶುಲ್ಕದೊಂದಿಗೆ ವರ್ಗಾವಣೆಯಾಯಿತು ಎಂದಿಟ್ಟುಕೊಳ್ಳೋಣ. ಸರಳ ಲೆಕ್ಕಕ್ಕಾಗಿ ಅಸಲು ಕರಗಲಿಲ್ಲವೆಂದೇ ಭಾವಿಸಿದರೂ, ಆರು ತಿಂಗಳ ಬಡ್ಡಿ, ಶುಲ್ಕ, ತೆರಿಗೆ ಎಲ್ಲ ಸೇರಿ 19,470 ರೂಪಾಯಿ ಆಗುತ್ತದೆ. ಹಳೆಯ ಕಾರ್ಡಿನಲ್ಲೇ ಮುಂದುವರಿದಿದ್ದರೆ 37,170 ರೂಪಾಯಿ ತೆರಬೇಕಿತ್ತು. ವ್ಯತ್ಯಾಸ 17,700 ರೂಪಾಯಿ. ತಿಂಗಳಿಗೆ ನಲವತ್ತು ಐವತ್ತು ಸಾವಿರ ಸಂಬಳದ ಮನೆಯಲ್ಲಿ ಇದು ಒಂದು ಮಗುವಿನ ಶಾಲಾ ಶುಲ್ಕದ ಕಂತು. ‘ಆಂತರಿಕ ನೀತಿ’ ಎಂಬ ಎರಡು ಪದಗಳು ಗ್ರಾಹಕನಿಂದ ಕಿತ್ತುಕೊಳ್ಳುವುದು ಇಷ್ಟು ಹಣವನ್ನು. ಬ್ರಿಟನ್ನಿನಲ್ಲಿ ವರ್ಷಕ್ಕೂ ಮೀರಿದ ಬಡ್ಡಿರಹಿತ ವರ್ಗಾವಣೆಯ ಕಾರ್ಡುಗಳು ಪೈಪೋಟಿಯ ಮೇಲೆ ಮಾರಾಟವಾಗುತ್ತವೆ. ನಮ್ಮಲ್ಲಿ ಈ ಸೌಲಭ್ಯ ಅಲ್ಪಾವಧಿಯದ್ದು, ಅದರಲ್ಲೂ ಬಹುಪಾಲು ಬ್ಯಾಂಕಿನ ಹಳೆಯ ಗ್ರಾಹಕರಿಗೆ ಮೀಸಲಾದದ್ದು.

ಬಡ್ಡಿಯ ದರಕ್ಕೇ ಮಿತಿ ಹಾಕಿದ್ದರೆ ಈ ಓಡಾಟವೇ ಬೇಕಿರಲಿಲ್ಲ ಎಂದು ಯಾರಾದರೂ ಹೇಳಬಹುದು. ಆ ಪ್ರಯತ್ನವೂ ನಡೆದಿತ್ತು. ಕಾರ್ಡಿನ ಬಾಕಿ ಉಳಿಸಿಕೊಂಡವರಿಂದ ವಾರ್ಷಿಕ ಶೇ. 30ಕ್ಕಿಂತ ಹೆಚ್ಚು ಬಡ್ಡಿ ವಸೂಲು ಮಾಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ 2008ರ ಜುಲೈನಲ್ಲಿ ತೀರ್ಪು ನೀಡಿತು. ಹದಿನಾರು ವರ್ಷಗಳ ಬಳಿಕ, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. ಬ್ಯಾಂಕು ಮತ್ತು ಗ್ರಾಹಕರ ನಡುವಿನ ಒಪ್ಪಂದದ ಷರತ್ತುಗಳನ್ನು ಹೊಸದಾಗಿ ಬರೆಯುವ ಅಧಿಕಾರ ಆಯೋಗಕ್ಕಿಲ್ಲ, ಬ್ಯಾಂಕಿಂಗ್ ನಿಯಂತ್ರಣ ರಿಸರ್ವ್ ಬ್ಯಾಂಕಿಗೆ ಸೇರಿದ್ದು ಎಂಬುದು ನ್ಯಾಯಾಲಯದ ನಿಲುವು. ರಿಸರ್ವ್ ಬ್ಯಾಂಕಾದರೋ ಬಡ್ಡಿ ವಿಪರೀತವಾಗಿರಬಾರದು ಎನ್ನುತ್ತದೆಯೇ ಹೊರತು ಅಂಕಿಯೊಂದನ್ನು ನಿಗದಿಪಡಿಸಿಲ್ಲ. ಹೀಗಾಗಿ ದುಬಾರಿ ಬಡ್ಡಿಯಿಂದ ಪಾರಾಗಲು ಗ್ರಾಹಕನಿಗೆ ಉಳಿದ ನ್ಯಾಯೋಚಿತ ದಾರಿ ಮಾರುಕಟ್ಟೆಯ ಪೈಪೋಟಿ, ಅಂದರೆ ಒಂದು ಬ್ಯಾಂಕನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯ. ಆ ಬಾಗಿಲಲ್ಲೇ ಅವನನ್ನು ಕಾರಣ ಹೇಳದೆ ತಡೆಯಲಾಗುತ್ತಿದೆ.

ಅಂಕ ಹೇಳುವುದೆಷ್ಟು?

ಸಿಬಿಲ್ ಸಂಸ್ಥೆ ಸ್ಥಾಪನೆಯಾದದ್ದು 2000ದಲ್ಲಿ. ಸಾಲದ ಮಾಹಿತಿ ಕಂಪನಿಗಳ ನಿಯಂತ್ರಣಕ್ಕಾಗಿ 2005ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳಿವೆ. ಜನರ ಬಾಯಲ್ಲಿ ಮಾತ್ರ ಎಲ್ಲವೂ ಸಿಬಿಲ್ಲೇ. 300ರಿಂದ 900ರವರೆಗಿನ ಸಿಬಿಲ್ ಅಂಕವನ್ನು ಪರೀಕ್ಷೆಯ ಅಂಕದಂತೆ ಭಾವಿಸುವ ರೂಢಿ ನಮ್ಮಲ್ಲಿ ಬೆಳೆದುಬಿಟ್ಟಿದೆ. 750 ದಾಟಿದರೆ ಉತ್ತೀರ್ಣ, ಸಾಲ ಖಚಿತ ಎಂಬ ನಂಬಿಕೆಯನ್ನು ಅಂಕ ತೋರಿಸುವ ಮೊಬೈಲ್ ಆ್ಯಪ್‌ಗಳು ಹಸಿರು ಬಣ್ಣ ಬಳಿದು ಪೋಷಿಸಿವೆ. ವಾಸ್ತವದಲ್ಲಿ ಅಂಕವೆಂಬುದು ಒಂದು ಸಂಭವನೀಯತೆಯ ಅಂದಾಜು: ಈ ವ್ಯಕ್ತಿ ಮುಂದೆ ಕಂತು ತಪ್ಪಿಸಬಹುದೇ ಎಂಬ ಪ್ರಶ್ನೆಗೆ ಹಿಂದಿನ ನಡವಳಿಕೆಯಿಂದ ಕಟ್ಟಿದ ಉತ್ತರ. ಅವನ ಸಂಬಳವೆಷ್ಟು, ಉದ್ಯೋಗ ಭದ್ರವೇ, ಖಾತೆಯಲ್ಲಿ ಉಳಿತಾಯವಿದೆಯೇ ಎಂಬುದು ಆ ಲೆಕ್ಕದಲ್ಲಿ ಸೇರಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಪ್ರತಿ ತಿಂಗಳೂ ಪೂರ್ತಿ ಬಿಲ್ ತೀರಿಸುವವನೂ, ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿ ಉಳಿದದ್ದನ್ನು ಮುಂದೂಡುವವನೂ ಗಡುವಿನ ದೃಷ್ಟಿಯಿಂದ ಸಮಾನರು. ಸಾಲದ ವರದಿಯಲ್ಲಿ ತಡವಾದ ದಿನಗಳನ್ನು ತೋರಿಸುವ ಸಾಲಿನಲ್ಲಿ ಇಬ್ಬರಿಗೂ ಸೊನ್ನೆಯೇ. ವರ್ಷಗಟ್ಟಲೆ ಕನಿಷ್ಠ ಪಾವತಿಯಲ್ಲೇ ಬದುಕಿದವನಿಗೂ ಗೌರವಾನ್ವಿತ ಅಂಕ ಇರುವುದು ಸಾಧ್ಯ. ಬಾಕಿಯು ಸಾಲಮಿತಿಯನ್ನು ಸಮೀಪಿಸಿದಾಗ ಅಂಕ ಕುಗ್ಗುತ್ತದೆ, ನಿಜ, ಮಿತಿಯ ಶೇ. 30ರೊಳಗೆ ಬಳಕೆ ಇರಲಿ ಎಂಬ ಸಲಹೆ ಇದಕ್ಕಾಗಿಯೇ. ಆದರೆ ಹಳೆಯ ಖಾತೆಗಳು, ತಪ್ಪದ ಕಂತುಗಳು ಅಂಕವನ್ನು ಹಿಡಿದು ನಿಲ್ಲಿಸಿರುತ್ತವೆ. ಅಂಕವನ್ನು ನೋಡುವ ಗ್ರಾಹಕನಿಗೆ ತನ್ನ ಶಿಸ್ತು ಕಾಣುತ್ತದೆ. ಅದೇ ವರದಿಯನ್ನು ಬಿಡಿಬಿಡಿಯಾಗಿ ಓದುವ ಬ್ಯಾಂಕಿಗೆ, ಎರಡು ಲಕ್ಷದ ಮಿತಿಯಲ್ಲಿ ಒಂದು ಲಕ್ಷದ ಎಂಬತ್ತು ಸಾವಿರ ತುಂಬಿಸಿಕೊಂಡು ಉಸಿರುಗಟ್ಟಿರುವ ಸಾಲಗಾರ ಕಾಣುತ್ತಾನೆ. ಇಬ್ಬರೂ ನೋಡುತ್ತಿರುವುದು ಒಂದೇ ವರದಿಯನ್ನು.

ಅದರಲ್ಲೂ ಬಾಕಿ ವರ್ಗಾವಣೆಯ ಅರ್ಜಿಯನ್ನು ಬ್ಯಾಂಕು ಸಾಮಾನ್ಯ ಕಾರ್ಡಿನ ಅರ್ಜಿಯಂತೆ ನೋಡುವುದಿಲ್ಲ. ಸಾಮಾನ್ಯ ಕಾರ್ಡ್ ಪಡೆದವನು ನಿಧಾನವಾಗಿ ಖರ್ಚು ಮಾಡುತ್ತಾನೆ. ಆರೇಳು ತಿಂಗಳಲ್ಲಿ ಅವನ ನಡವಳಿಕೆ ತಿಳಿಯುತ್ತದೆ. ವರ್ಗಾವಣೆಯಲ್ಲಿ ಮೊದಲ ದಿನವೇ ಮಿತಿಯ ಬಹುಭಾಗ ಭರ್ತಿಯಾಗುತ್ತದೆ. ಅತ್ತ ಹಳೆಯ ಕಾರ್ಡ್ ಖಾಲಿಯಾಗಿ ಮತ್ತೆ ಬಳಕೆಗೆ ಸಿದ್ಧವಾಗಿ ಕೂರುತ್ತದೆ. ಗ್ರಾಹಕ ಅದನ್ನು ಪುನಃ ತುಂಬಿಸಿಕೊಂಡರೆ ಒಂದು ಸಾಲದ ಜಾಗದಲ್ಲಿ ಎರಡು ಸಾಲಗಳು. ಬ್ಯಾಂಕುಗಳ ನಿಜವಾದ ಅಂಜಿಕೆ ಇದೇ, ಮತ್ತು ಅದು ಆಧಾರರಹಿತವಲ್ಲ. ಇನ್ನೊಂದೆಡೆ, ಶಿಸ್ತಿನ ಗ್ರಾಹಕ ರಿಯಾಯಿತಿ ಅವಧಿಯಲ್ಲೇ ಎಲ್ಲವನ್ನೂ ತೀರಿಸಿ ಹೊರಟರೆ ಬ್ಯಾಂಕಿಗೆ ಶುಲ್ಕದ ಹೊರತು ಲಾಭವಿಲ್ಲ. ಅಂದರೆ ಕೆಟ್ಟ ಗ್ರಾಹಕ ಬಂದರೆ ನಷ್ಟ, ಅತ್ಯುತ್ತಮ ಗ್ರಾಹಕ ಬಂದರೆ ಅಲ್ಪ ಲಾಭ. ಬ್ಯಾಂಕಿಗೆ ಬೇಕಾದವನು ಇವೆರಡರ ನಡುವಿನವನು: ತಪ್ಪದೆ ಕಟ್ಟುವವನು, ಆದರೆ ಪೂರ್ತಿ ಕಟ್ಟದವನು. ಉತ್ತಮ ಅಂಕವೆಂಬುದು ಗ್ರಾಹಕನ ಸಚ್ಚಾರಿತ್ರ್ಯಕ್ಕೆ ಕೊಟ್ಟ ಪ್ರಮಾಣಪತ್ರವಾಗಿದ್ದರೂ ಅವನಿಂದ ತನಗೇನು ಗಿಟ್ಟುತ್ತದೆ ಎಂಬ ಬ್ಯಾಂಕಿನ ಪ್ರಶ್ನೆಗೆ ಅದು ಉತ್ತರವಲ್ಲ.

ಇದಲ್ಲದೆ ಪ್ರತಿ ಬ್ಯಾಂಕಿಗೂ ತನ್ನದೇ ಆದ ಜರಡಿಗಳಿವೆ. ಸಂಬಳದಲ್ಲಿ ಅರ್ಧದಷ್ಟು ಈಗಾಗಲೇ ಕಂತುಗಳಿಗೆ ಹೋಗುತ್ತಿದ್ದರೆ ಹೊಸ ಸಾಲ ಕಷ್ಟ. ಉದ್ಯೋಗದಾತ ಕಂಪನಿ ಬ್ಯಾಂಕಿನ ಪಟ್ಟಿಯಲ್ಲಿರಬೇಕು. ಕೆಲಸ ಬದಲಿಸಿ ಆರು ತಿಂಗಳಾಗಿಲ್ಲದಿದ್ದರೆ ಅನುಮಾನ. ಸ್ವಂತ ಉದ್ಯೋಗದವರಿಗೆ ಆದಾಯ ತೆರಿಗೆ ವಿವರಗಳು ಬೇಕು. ವಿಳಾಸದ ಪಿನ್‌ಕೋಡ್ ಬ್ಯಾಂಕಿನ ಸೇವಾ ವ್ಯಾಪ್ತಿಯಲ್ಲಿರಬೇಕು. ದೊಡ್ಡ ನಗರದ ಗ್ರಾಹಕನಿಗೆ ದೊರೆತ ಕಾರ್ಡ್ ಅದೇ ಅಂಕವುಳ್ಳ ಸಣ್ಣ ಪಟ್ಟಣದ ಗ್ರಾಹಕನಿಗೆ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಕೆಲವು ವೃತ್ತಿಗಳವರನ್ನು ಬ್ಯಾಂಕುಗಳು ಗುಟ್ಟಾಗಿ ದೂರವಿಡುತ್ತವೆ ಎಂಬ ದೂರು ಬಹಳ ಹಳೆಯದು. ವಕೀಲರು, ಪೊಲೀಸರು, ಪತ್ರಕರ್ತರು ಈ ಮಾತನ್ನು ಅರ್ಧ ಹಾಸ್ಯದಲ್ಲಿ, ಅರ್ಧ ನೋವಿನಲ್ಲಿ ಹೇಳುವುದುಂಟು. ಇವುಗಳಲ್ಲಿ ಒಂದೂ ಸಾಲದ ಅಂಕದಲ್ಲಿ ಕಾಣಿಸುವುದಿಲ್ಲ.

ರಿಸರ್ವ್ ಬ್ಯಾಂಕಿನ ಹಗ್ಗ

ಅರ್ಜಿದಾರನಿಗೆ ಸಂಬಂಧವೇ ಇಲ್ಲದ ಕಾರಣವೂ ಇರಬಹುದು. ಭದ್ರತೆಯಿಲ್ಲದ ಸಾಲಗಳು ಅತಿವೇಗವಾಗಿ ಬೆಳೆಯುತ್ತಿವೆ ಎಂದು ಆತಂಕಗೊಂಡ ರಿಸರ್ವ್ ಬ್ಯಾಂಕ್, 2023ರ ನವೆಂಬರ್ 16ರಂದು ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿಗಳ ಮೇಲಿನ ಅಪಾಯದ ತೂಕವನ್ನು ಶೇ. 125ರಿಂದ 150ಕ್ಕೆ ಏರಿಸಿತು. ಬ್ಯಾಂಕೇತರ ಕಂಪನಿಗಳಿಗೆ ಇದು ಶೇ. 100ರಿಂದ 125ಕ್ಕೆ ಏರಿತು. ಕೇಳಲು ತಾಂತ್ರಿಕವೆನಿಸುವ ಈ ಮಾತಿನ ಅರ್ಥ ಸರಳ. ಬ್ಯಾಂಕು ತಾನು ಕೊಟ್ಟ ಪ್ರತಿ ಸಾಲದ ಹಿಂದೆ ಸ್ವಂತ ಬಂಡವಾಳದ ಒಂದು ಪಾಲನ್ನು ಕಾಯ್ದಿರಿಸಬೇಕು. ಶೇ. 9ರ ಮೂಲ ಅನುಪಾತವನ್ನೇ ಹಿಡಿದರೆ, ಒಂದು ಲಕ್ಷ ರೂಪಾಯಿ ಕಾರ್ಡ್ ಬಾಕಿಗೆ ಮೊದಲು 11,250 ರೂಪಾಯಿ ಬೇಕಿತ್ತು. ಏರಿಕೆಯ ನಂತರ 13,500 ರೂಪಾಯಿ. ಶೇ. 50ರ ತೂಕದ ಗೃಹ ಸಾಲವಾದರೆ ಅದೇ ಒಂದು ಲಕ್ಷಕ್ಕೆ 4,500 ರೂಪಾಯಿ ಸಾಕು. ಮೂರು ಪಟ್ಟು ಬಂಡವಾಳ ನುಂಗುವ ಸಾಲವನ್ನು, ಅದೂ ರಿಯಾಯಿತಿ ಬಡ್ಡಿಯಲ್ಲಿ ಕೊಡಲು ಯಾವ ಬ್ಯಾಂಕು ಮುಂದೆ ಬಂದೀತು? 2025ರ ಫೆಬ್ರುವರಿಯಲ್ಲಿ ಬ್ಯಾಂಕೇತರ ಕಂಪನಿಗಳಿಗೆ ಬ್ಯಾಂಕುಗಳು ಕೊಡುವ ಸಾಲ ಹಾಗೂ ಕಿರುಸಾಲಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಹಗ್ಗ ಸಡಿಲಿಸಿದಾಗಲೂ ಕಾರ್ಡುಗಳ ಮೇಲಿನ ಏರಿಕೆಯನ್ನು ಹಿಂತೆಗೆದುಕೊಳ್ಳಲಿಲ್ಲ.

ರಿಸರ್ವ್ ಬ್ಯಾಂಕಿನ ಎಚ್ಚರಿಕೆಯನ್ನು ತಪ್ಪೆನ್ನಲಾಗದು. ದೇಶದಲ್ಲಿ ಚಲಾವಣೆಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 2024ರ ಆರಂಭದಲ್ಲಿ 10 ಕೋಟಿ ದಾಟಿತ್ತು. ಆದರೆ ಈ ಕಡಿವಾಣ ಎಲ್ಲರಿಗೂ ಒಂದೇ ತೂಕದ್ದು. ಹೊಸದಾಗಿ ಸಾಲ ಮಾಡಿ ವಿದೇಶ ಪ್ರವಾಸಕ್ಕೆ ಹೊರಟವನಿಗೂ, ಇರುವ ಸಾಲದ ಬಡ್ಡಿ ತಗ್ಗಿಸಿಕೊಂಡು ಬೇಗ ಋಣಮುಕ್ತನಾಗಬೇಕೆಂದವನಿಗೂ ಅದು ವ್ಯತ್ಯಾಸ ಮಾಡುವುದಿಲ್ಲ. ವರ್ಗಾವಣೆಯಿಂದ ದೇಶದ ಒಟ್ಟು ಸಾಲ ಹೆಚ್ಚುವುದಿಲ್ಲ. ಒಂದು ಬ್ಯಾಂಕಿನ ಪುಸ್ತಕದಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ. ಹಳೆಯ ಕಾರ್ಡಿನ ಮಿತಿಯನ್ನು ಅಷ್ಟೇ ಮೊತ್ತಕ್ಕೆ ಇಳಿಸುವ ಷರತ್ತಿನೊಂದಿಗೆ ವರ್ಗಾವಣೆಗೆ ಪ್ರತ್ಯೇಕ ದಾರಿ ಮಾಡಿಕೊಡಬಹುದಿತ್ತು. ಎರಡು ಸಾಲಗಳ ಭಯವೂ ಆಗ ತಗ್ಗುತ್ತಿತ್ತು. ಹಾಗಾಗದಿರುವಾಗ ನಿರಾಕೃತನು ಹೋಗುವುದೆಲ್ಲಿಗೆ? ಬಹಳಷ್ಟು ಮನೆಗಳಲ್ಲಿ ಅದು ಬೀರುವಿನಲ್ಲಿರುವ ಒಡವೆಯ ಕಡೆಗೆ. 2024-25ರಲ್ಲಿ ಒಡವೆ ಸಾಲ ಭರದಿಂದ ಏರಿದ್ದನ್ನೂ, ಕಾರ್ಡ್ ಬಾಕಿಯ ಬೆಳವಣಿಗೆ ನಿಧಾನಗೊಂಡದ್ದನ್ನೂ ರಿಸರ್ವ್ ಬ್ಯಾಂಕಿನ ಅಂಕಿಅಂಶಗಳೇ ತೋರಿಸಿವೆ. ಇವೆರಡನ್ನು ನೇರವಾಗಿ ಗಂಟು ಹಾಕುವುದು ಅವಸರವಾದೀತು. ಚಿನ್ನದ ಬೆಲೆ ಏರಿದ್ದೂ ಅದಕ್ಕೆ ಕಾರಣ.

ನಿಯಮದಲ್ಲಿರುವ ಒಂದು ಪದ

ಈಗ ಮುಖ್ಯ ವಿಷಯಕ್ಕೆ ಬರೋಣ. 2022ರ ಏಪ್ರಿಲ್ 21ರಂದು ರಿಸರ್ವ್ ಬ್ಯಾಂಕ್ ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡ್ ವಿತರಣೆ ಕುರಿತ ಸಮಗ್ರ ನಿರ್ದೇಶನವನ್ನು ಹೊರಡಿಸಿತು. ಗ್ರಾಹಕ ಕೇಳದೆ ಕಾರ್ಡ್ ಕಳಿಸುವಂತಿಲ್ಲ ಎಂಬುದು ಆಗ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಅದೇ ನಿರ್ದೇಶನದಲ್ಲಿ ಸದ್ದಿಲ್ಲದೆ ಕುಳಿತಿದ್ದ ಇನ್ನೊಂದು ಸಾಲು ಯಾರ ಗಮನಕ್ಕೂ ಅಷ್ಟಾಗಿ ಬೀಳಲಿಲ್ಲ: ಕಾರ್ಡಿನ ಅರ್ಜಿಯನ್ನು ತಿರಸ್ಕರಿಸಿದರೆ, ತಿರಸ್ಕಾರಕ್ಕೆ ಎಡೆಮಾಡಿದ ನಿರ್ದಿಷ್ಟ ಕಾರಣ ಅಥವಾ ಕಾರಣಗಳನ್ನು ಬ್ಯಾಂಕು ಲಿಖಿತವಾಗಿ ತಿಳಿಸಬೇಕು. ಅದಕ್ಕೂ ಹಿಂದಿನ ಸುತ್ತೋಲೆಗಳಲ್ಲಿ ‘ಮುಖ್ಯ ಕಾರಣ’ ತಿಳಿಸಬೇಕೆಂಬ ಮಾತಿತ್ತು. 2022ರಲ್ಲಿ ‘ಮುಖ್ಯ’ ಹೋಗಿ ‘ನಿರ್ದಿಷ್ಟ’ ಬಂತು. ಪದ ಬದಲಿಸಿದ್ದು ಸುಮ್ಮನೆ ಇರಲಾರದು. ‘ಆಂತರಿಕ ನೀತಿ’ ಎಂಬುದು ಮುಖ್ಯ ಕಾರಣವೆಂದು ವಾದಿಸಲು ಸಾಧ್ಯವಿತ್ತೇನೋ. ಅದು ನಿರ್ದಿಷ್ಟ ಕಾರಣವೆಂದು ಯಾವ ನಿಘಂಟನ್ನು ಹಿಡಿದೂ ವಾದಿಸಲಾಗದು.

ಈ ನುಣುಚಾಟ ನಮ್ಮ ಬ್ಯಾಂಕುಗಳ ಆವಿಷ್ಕಾರವೇನಲ್ಲ. ಅಮೆರಿಕದಲ್ಲೂ ಹೀಗೆ ನಡೆಯಬಹುದೆಂದು ಊಹಿಸಿಯೇ ಅಲ್ಲಿ ನಿಯಮ ಬರೆಯಲಾಗಿದೆ. 1974ರ ಸಮಾನ ಸಾಲಾವಕಾಶ ಕಾಯ್ದೆ ಮತ್ತು ಅದರಡಿಯ ನಿಯಮಾವಳಿಯ ಪ್ರಕಾರ, ಅರ್ಜಿ ಬಂದ 30 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ನಿರಾಕರಿಸಿದರೆ ನಿರ್ದಿಷ್ಟ ಕಾರಣಗಳನ್ನು ಕೊಡಬೇಕು ಅಥವಾ ಅವನ್ನು ಕೇಳಿ ಪಡೆಯುವ ಹಕ್ಕು ಅರ್ಜಿದಾರನಿಗಿದೆ ಎಂದಾದರೂ ತಿಳಿಸಬೇಕು. ಆಂತರಿಕ ಮಾನದಂಡ ಅಥವಾ ನೀತಿಯ ಆಧಾರದಲ್ಲಿ ನಿರಾಕರಿಸಲಾಗಿದೆ ಎಂದಾಗಲಿ, ನಮ್ಮ ಪದ್ಧತಿಯಲ್ಲಿ ಅಗತ್ಯ ಅಂಕ ಬಂದಿಲ್ಲ ಎಂದಾಗಲಿ ಹೇಳಿದರೆ ಸಾಲದು ಎಂದು ಆ ನಿಯಮಾವಳಿಯಲ್ಲೇ ಸ್ಪಷ್ಟವಾಗಿ ಬರೆದಿದೆ. ನಮ್ಮ ನಿರ್ದೇಶನದಲ್ಲಿ ಇಲ್ಲದಿರುವುದು ಈ ಕೊನೆಯ ವಾಕ್ಯ. ‘ನಿರ್ದಿಷ್ಟ’ ಎಂದರೇನು ಎಂಬ ವ್ಯಾಖ್ಯಾನವನ್ನು ಬ್ಯಾಂಕುಗಳ ವಿವೇಚನೆಗೆ ಬಿಟ್ಟಿದ್ದರಿಂದ, ಅವು ತಮಗೆ ಅನುಕೂಲವಾದ ವ್ಯಾಖ್ಯಾನವನ್ನೇ ಮಾಡಿಕೊಂಡಿವೆ.

ಕಾರಣ ಹೇಳಿದರೆ ವಂಚಕರು ಅದನ್ನು ಬಳಸಿಕೊಂಡು ಜರಡಿಯಿಂದ ನುಸುಳುತ್ತಾರೆ ಎಂಬುದು ಬ್ಯಾಂಕುಗಳ ಕಡೆಯಿಂದ ಕೇಳಿಬರುವ ಸಮರ್ಥನೆ. ವಂಚನೆಯ ಅನುಮಾನವಿರುವ ಪ್ರಕರಣಗಳಲ್ಲಿ ಈ ವಾದಕ್ಕೆ ತೂಕವಿರಬಹುದು. ಆದರೆ ‘ನಿಮ್ಮ ಈಗಿನ ಕಾರ್ಡಿನ ಬಳಕೆ ಮಿತಿಯ ಶೇ. 90ರಷ್ಟಿದೆ’ ಎಂದು ತಿಳಿಸಿದರೆ ಗ್ರಾಹಕ ಮಾಡಬಹುದಾದ ‘ವಂಚನೆ’ ಯಾವುದು? ಬಾಕಿಯನ್ನು ಕಡಿಮೆ ಮಾಡಿಕೊಳ್ಳುವುದು. ಅದು ಬ್ಯಾಂಕಿಗೂ ಒಳ್ಳೆಯದೇ. ತೀರ್ಮಾನವನ್ನು ಮನುಷ್ಯರ ಬದಲು ಗಣಕಯಂತ್ರದ ಮಾದರಿಗಳು ಕೈಗೊಳ್ಳುತ್ತಿರುವುದರಿಂದ ಕಾರಣ ಹೇಳುವುದು ಕಷ್ಟ ಎಂಬ ಇನ್ನೊಂದು ವಾದವಿದೆ. ಹಾಗಿದ್ದರೆ ಅದು ಹೆಚ್ಚು ಗಂಭೀರವಾದ ಸಂಗತಿ. ಕೃತಕ ಬುದ್ಧಿಮತ್ತೆಯ ಬಳಕೆ ಕುರಿತು ರಿಸರ್ವ್ ಬ್ಯಾಂಕ್ ನೇಮಿಸಿದ್ದ ಸಮಿತಿ 2025ರ ಆಗಸ್ಟ್‌ನಲ್ಲಿ ನೀಡಿದ ವರದಿಯಲ್ಲಿ, ಇಂಥ ವ್ಯವಸ್ಥೆಗಳು ಅರ್ಥವಾಗುವಂತೆಯೇ ರೂಪುಗೊಳ್ಳಬೇಕೆಂಬುದನ್ನು ಮೂಲ ಸೂತ್ರಗಳಲ್ಲಿ ಒಂದಾಗಿ ಹೇಳಿದೆ. ತನಗೇ ಕಾರಣ ತಿಳಿಯದ ಯಂತ್ರವನ್ನು ಮುಂದಿಟ್ಟುಕೊಂಡು ಠೇವಣಿದಾರರ ಹಣವನ್ನು ಹಂಚುವ ಬ್ಯಾಂಕು ಗ್ರಾಹಕನಿಗಿಂತ ಮೊದಲು ನಿಯಂತ್ರಕನಿಗೆ ಉತ್ತರ ಹೇಳಬೇಕಾದೀತು.

ಮೌನದ ಬೆಲೆಯನ್ನು ತೆರುವವನು ಮಾತ್ರ ಅರ್ಜಿದಾರನೇ. ಕಾರಣ ತಿಳಿಯದವನು ಸಹಜವಾಗಿ ಮತ್ತೊಂದು ಬ್ಯಾಂಕಿಗೆ ಅರ್ಜಿ ಹಾಕುತ್ತಾನೆ, ಅಲ್ಲೂ ಆಗದಿದ್ದರೆ ಮೂರನೆಯದಕ್ಕೆ. ಪ್ರತಿ ಅರ್ಜಿಗೂ ಬ್ಯಾಂಕು ಅವನ ವರದಿಯನ್ನು ತರಿಸಿಕೊಳ್ಳುತ್ತದೆ, ಪ್ರತಿ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ. ನಿರಾಕರಿಸಲಾಯಿತು ಎಂದು ಅಲ್ಲಿ ಬರೆದಿರುವುದಿಲ್ಲ. ಆದರೆ ಒಂದೇ ತಿಂಗಳಲ್ಲಿ ನಾಲ್ಕು ವಿಚಾರಣೆಗಳು ನಡೆದು ಒಂದೂ ಹೊಸ ಖಾತೆ ತೆರೆದಿಲ್ಲ ಎಂಬುದನ್ನು ಓದಬಲ್ಲವರಿಗೆ ಅದನ್ನು ಬರೆದು ಹೇಳಬೇಕಾಗಿಲ್ಲ. ಅಂಕವೂ ಜಾರುತ್ತದೆ. ಹೀಗೆ ಉತ್ತಮ ಅಂಕದಿಂದ ಹೊರಟವನು, ಯಾವ ತಪ್ಪನ್ನೂ ಮಾಡದೆ, ಉತ್ತರ ಹುಡುಕುವ ಪ್ರಯತ್ನದಲ್ಲೇ ತನ್ನ ಅಂಕವನ್ನು ಕೆಡಿಸಿಕೊಳ್ಳುತ್ತಾನೆ. ತನ್ನ ವರದಿಯನ್ನು ತಾನೇ ನೋಡಿಕೊಂಡರೆ ಅಂಕ ಕಡಿಮೆಯಾಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು; ಆ ಭಯದಿಂದ ವರದಿಯನ್ನೇ ತೆರೆಯದವರು ಇಂದಿಗೂ ಇದ್ದಾರೆ.

ತೆರೆದು ನೋಡಿದವರಿಗೆ ಕೆಲವೊಮ್ಮೆ ಕಾರಣ ಅಲ್ಲೇ ಸಿಗುತ್ತದೆ. ವರ್ಷಗಳ ಹಿಂದೆ ಮುಚ್ಚಿದ ಖಾತೆ ಇನ್ನೂ ತೆರೆದಿರುವಂತೆ ತೋರುತ್ತಿರಬಹುದು. ರಾಜಿಯಲ್ಲಿ ತೀರಿಸಿದ ಸಾಲಕ್ಕೆ ‘ಸೆಟಲ್ಡ್’ ಎಂಬ ಹಣೆಪಟ್ಟಿ ಅಂಟಿರಬಹುದು. ಸ್ನೇಹಿತನಿಗೆ ಹಾಕಿದ ಜಾಮೀನು ಸಹಿ ಕಾಡುತ್ತಿರಬಹುದು. ಅಂಕವೂ ಕಂಪನಿಯಿಂದ ಕಂಪನಿಗೆ ಬೇರೆ. ಗ್ರಾಹಕ ಆ್ಯಪ್‌ನಲ್ಲಿ ಕಂಡದ್ದು ಒಂದು ಕಂಪನಿಯ ಅಂಕ, ಬ್ಯಾಂಕು ತರಿಸಿಕೊಂಡದ್ದು ಇನ್ನೊಂದರದ್ದು ಆಗಿರುವ ಸಾಧ್ಯತೆಯಿದೆ. ವರ್ಷಕ್ಕೊಂದು ಪೂರ್ಣ ವರದಿಯನ್ನು ಪ್ರತಿ ಕಂಪನಿಯೂ ಉಚಿತವಾಗಿ ಕೊಡಬೇಕೆಂಬ ನಿಯಮ 2017ರ ಜನವರಿಯಲ್ಲಿ ಜಾರಿಗೆ ಬಂತು. ತಪ್ಪಿನ ಬಗ್ಗೆ ದೂರು ಕೊಟ್ಟು 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನೀಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು. ಆರು ತಿಂಗಳ ಬಳಿಕ ಅದು ಜಾರಿಯಾಯಿತು. ಬ್ಯಾಂಕುಗಳು ಮಾಹಿತಿಯನ್ನು ತಿಂಗಳಿಗೊಮ್ಮೆ ಅಲ್ಲ, ಹದಿನೈದು ದಿನಕ್ಕೊಮ್ಮೆಯಾದರೂ ಕಳಿಸಬೇಕೆಂಬ ಬದಲಾವಣೆ 2025ರ ಜನವರಿ 1ರಿಂದ ಬಂತು. ಬಾಕಿಯನ್ನು ಒಂದಷ್ಟು ಇಳಿಸಿದವನು ಕೂಡಲೇ ಮರು ಅರ್ಜಿ ಹಾಕದೆ, ಇಳಿದ ಬಾಕಿ ವರದಿಯಲ್ಲಿ ಕಾಣಿಸುವವರೆಗೆ ಕಾಯುವುದು ಲೇಸು.

ಕಾರಣ ಕೊಡದ ಬ್ಯಾಂಕಿಗೆ ಮೊದಲು ಲಿಖಿತ ದೂರು, 30 ದಿನಗಳಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. 2021ರ ನವೆಂಬರ್‌ನಲ್ಲಿ ಒಗ್ಗೂಡಿಸಲಾದ ಈ ವ್ಯವಸ್ಥೆಯ ವ್ಯಾಪ್ತಿಗೆ 2022ರ ಸೆಪ್ಟೆಂಬರ್‌ನಲ್ಲಿ ಸಾಲದ ಮಾಹಿತಿ ಕಂಪನಿಗಳೂ ಬಂದವು. ಆದರೆ ದೂರು ಬರೆಯುವಾಗ ಎಚ್ಚರ ಬೇಕು. ಬ್ಯಾಂಕಿನ ವಾಣಿಜ್ಯ ತೀರ್ಮಾನವನ್ನು ಪ್ರಶ್ನಿಸುವ ದೂರುಗಳನ್ನು 2021ರ ಯೋಜನೆ ಹೊರಗಿಟ್ಟಿದೆ. ‘ನನಗೆ ಕಾರ್ಡ್ ಕೊಡಿಸಿ’ ಎಂದು ಬರೆದರೆ ದೂರು ಅಲ್ಲಿಗೇ ಮುಗಿದಂತೆ. ‘ನಿರ್ದಿಷ್ಟ ಕಾರಣವನ್ನು ಲಿಖಿತವಾಗಿ ಕೊಡಬೇಕೆಂಬ ನಿರ್ದೇಶನವನ್ನು ಬ್ಯಾಂಕು ಪಾಲಿಸಿಲ್ಲ, ಕಾರಣ ಕೊಡಿಸಿ’ ಎಂದು ಬರೆದರೆ ಅದು ಸೇವಾ ಲೋಪದ ದೂರು. ಉತ್ತರ ಬರುವವರೆಗೆ ಬಡ್ಡಿ ನಿಲ್ಲುವುದಿಲ್ಲವಾದ್ದರಿಂದ, ಇರುವ ಬ್ಯಾಂಕಿನಲ್ಲೇ ಬಾಕಿಯನ್ನು ಕಡಿಮೆ ಬಡ್ಡಿಯ ಮಾಸಿಕ ಕಂತುಗಳಾಗಿ ಪರಿವರ್ತಿಸಲು ಕೇಳುವುದು, ಇಲ್ಲವೇ ಸಂಬಳದ ಖಾತೆಯಿರುವ ಬ್ಯಾಂಕಿನಿಂದ ವೈಯಕ್ತಿಕ ಸಾಲ ಪಡೆದು ಕಾರ್ಡ್ ತೀರಿಸುವುದು ಅಷ್ಟರಲ್ಲಿ ಮಾಡಬಹುದಾದ ಕೆಲಸ. ವೈಯಕ್ತಿಕ ಸಾಲದ ಬಡ್ಡಿ ಎಷ್ಟೇ ದುಬಾರಿಯೆನಿಸಿದರೂ ಶೇ. 42ರ ಹತ್ತಿರಕ್ಕೆ ಬರುವುದು ಅಪರೂಪ.

ಯಾವ ಬ್ಯಾಂಕಿನ ಎಷ್ಟು ಕ್ರೆಡಿಟ್ ಕಾರ್ಡುಗಳು ಚಲಾವಣೆಯಲ್ಲಿವೆ, ಅವುಗಳಿಂದ ಎಷ್ಟು ವಹಿವಾಟು ನಡೆಯಿತು ಎಂಬ ಕೋಷ್ಟಕವನ್ನು ರಿಸರ್ವ್ ಬ್ಯಾಂಕ್ ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಎಷ್ಟು ಅರ್ಜಿಗಳು ಬಂದವು, ಎಷ್ಟು ತಿರಸ್ಕೃತವಾದವು, ಅವುಗಳಲ್ಲಿ ಎಷ್ಟಕ್ಕೆ ‘ಆಂತರಿಕ ನೀತಿ’ಯೇ ಕಾರಣವಾಗಿತ್ತು ಎಂಬ ವಿವರ ಆ ಕೋಷ್ಟಕದಲ್ಲಿಲ್ಲ. ಬ್ಯಾಂಕುಗಳ ಗಣಕಯಂತ್ರಗಳಲ್ಲಿ ಆ ಲೆಕ್ಕ ಇದ್ದೇ ಇರುತ್ತದೆ. ಅದನ್ನು ಕೇಳಿ ಪಡೆಯಲು ಹೊಸ ಕಾಯ್ದೆ ಬೇಕಾಗಿಲ್ಲ, ರಿಸರ್ವ್ ಬ್ಯಾಂಕಿನ ಒಂದು ಸುತ್ತೋಲೆ ಸಾಕು.